ಹೊಲಿಗೆಯ ಅಕ್ಕನವರ ಕಡೆಯ ಎರಡು ವರುಷಗಳು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಪ್ರಧಾನೋಪಾಧ್ಯಾಯಿನಿಯು ಬರೆದುಕೊಡತಕ್ಕ ಲೇಖನವು ಹೇಗಿರಬೇಕೆಂಬದಕ್ಕೆ ಒಂದು ಹಳೆಯ ಪದ್ಧತಿಯುಂಟು. ಆ ವರುಷದ ಪರೀಕ್ಷಾಫಲಗಳನ್ನೂ ಕಟ್ಟಡದ ವಿಷಯವನ್ನೂ ಹೇಳಿ, ದಾನಿಗಳ ಉಪಕಾರವನ್ನು ಸ್ಮರಿಸಿ, ವಿದ್ಯಾರ್ಥಿನಿಯರಿಗೆ ನಾಲ್ಕು ಹಿತವಚನಗಳನ್ನಾಡಿ ಮುಗಿಸುವದು. ಅವೆಲ್ಲವೂ ವರದಿಯ ಪುಟಗಳಲ್ಲಿ ಬಂದಿರುವದರಿಂದ, ಈ ಸಾರಿ ನಾನು ಬೇರೊಂದು ವಿಷಯವನ್ನು ಬರೆಯಲು ಸಂಪಾದಕ ಮಂಡಳಿಯವರ ಅಪ್ಪಣೆಯನ್ನು ಪಡೆದಿದ್ದೇನೆ. ಅದು ರೋಗದ ವಿಷಯ. ನನ್ನದೊಂದು ತಪ್ಪಿನ ವಿಷಯವೂ ಹೌದು. ಸಂತೋಷಸಮಾರಂಭದ ಪುಸ್ತಕದಲ್ಲಿ ಇಂಥದೇಕೆಂದು ಕೆಲವರು ಕೇಳಿಯಾರು. ಈ ಪುಸ್ತಕವು ನಮ್ಮ ಹಳೆಯ ವಿದ್ಯಾರ್ಥಿನಿಯರ ಎಷ್ಟೋ ಮನೆಗಳನ್ನು ಹೊಗುವದು. ಆ ಮನೆಗಳಲ್ಲಿ ಯಾವದಾದರೊಂದಕ್ಕೆ ಇದು ಬೇಕಾದೀತೆಂಬದೇ ನನ್ನ ಉತ್ತರ.

ನಮ್ಮ ಹೊಲಿಗೆಯ ಅಕ್ಕನವರನ್ನು ಅರಿಯದವರು ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ವಿರಳ. 31 ವರುಷ ಉಡುಪಿಯ ಈ ಶಾಲೆಯಲ್ಲಿ ಹೊಲಿಗೆ, ಕಸೂತಿಗಳನ್ನು ಕಲಿಸಿ 2014ರಲ್ಲಿ ನಿವೃತ್ತರಾದರು. ಕಾಜಾ ಹೊಲಿಯುವಾಗ ನೂಲು ಜಗ್ಗಿದರೆ ಅವರು ಬೈಯುತ್ತಿರಲಿಲ್ಲ. ಸುಮ್ಮನೆ ಇಡೀ ಸಾಲನ್ನು ಬಿಚ್ಚಿ ಕೈಗೆ ಕೊಡುತ್ತಿದ್ದರು. ನಾನು ಅವರ ಶಿಷ್ಯೆಯಾಗಿದ್ದು, ತರಬೇತಿ ಮುಗಿಸಿ ಅವರ ಸಹೋದ್ಯೋಗಿನಿಯಾಗಿ, ಕಡೆಗೆ ಪ್ರಧಾನೋಪಾಧ್ಯಾಯಿನಿಯಾದ ಮೇಲೆಯೂ, ಹುಡುಗಿಯರನ್ನೂ “ಮಗಾ” ಎಂದು ಕರೆಯುವ ನಮ್ಮ ಸೀಮೆಯ ವಾಡಿಕೆಯಂತೆ ನನ್ನನ್ನು ಹಾಗೆಯೇ ಕರೆಯುತ್ತಿದ್ದರು. ಅವರು ಅವಿವಾಹಿತೆ. ಕಾಪುವಿನಲ್ಲಿ ದೀಪಸ್ತಂಭಕ್ಕೆ ಅಷ್ಟೇನೂ ದೂರವಲ್ಲದ ಒಂದು ಹಂಚಿನ ಮನೆಯಲ್ಲಿ, ತೀರಿಕೊಂಡ ತಮ್ಮನ ಹೆಂಡತಿಯೊಡನೆ ವಾಸವಾಗಿದ್ದರು.

2021ರ ದಶಂಬರದಲ್ಲಿ ಶಾಲೆಯ ಮಾರಾಟಕ್ಕೆಂದು ಮೇಜುವಸ್ತ್ರಗಳನ್ನು ಸಿದ್ಧಪಡಿಸುತ್ತಿದ್ದಾಗ ಅವರ ಕೈಗೆ ಸೂಜಿಯಲ್ಲಿ ನೂಲು ಹತ್ತಲಿಲ್ಲ. ಕಣ್ಣಿನ ದೋಷವೆಂದು ಹೊಸ ಕನ್ನಡಕ ಬಂದಿತು. ಕನ್ನಡಕದಿಂದ ನೂಲು ಚೆನ್ನಾಗಿ ಕಂಡಿತು. ಬೆರಳುಗಳು ಮಾತ್ರ ಅದನ್ನು ಹಿಡಿಯಲಿಲ್ಲ. ತರುವಾಯ ರವಕೆಯ ಗುಂಡಿ, ಬೀಗದ ಕೈ, ಚಮಚ. ಹೆಬ್ಬೆರಳಿನ ಬುಡದ ಮಾಂಸವು ಕರಗಿ ಅಲ್ಲೊಂದು ಗುಳಿ ಬಿದ್ದಿತು. ತೋಳಿನ ಚರ್ಮದ ಕೆಳಗೆ ಹುಳು ಹರಿದಂತೆ ಸ್ನಾಯುಗಳು ತಾವಾಗಿಯೇ ಮಿಡಿಯುತ್ತಿದ್ದವು. ಒಬ್ಬ ವೈದ್ಯರು ಕತ್ತಿನ ಎಲುಬಿನ ಸವೆತವೆಂದರು, ಮತ್ತೊಬ್ಬರು ಜೀವಸತ್ವದ ಕೊರತೆಯೆಂದರು. ಅವರನ್ನು ದೂರಲಾರೆ. ಈ ವ್ಯಾಧಿಯ ಹೆಸರು ಗೊತ್ತಾಗುವದಕ್ಕೆ ಒಂದು ವರುಷದಷ್ಟು ಕಾಲ ಹಿಡಿಯುವದು ಮುಂದುವರಿದ ದೇಶಗಳಲ್ಲಿಯೂ ಸಾಮಾನ್ಯವಂತೆ. 2022ರ ಆಗಸ್ಟಿನಲ್ಲಿ ಮಣಿಪಾಲದ ನರರೋಗತಜ್ಞರು ಸ್ನಾಯುಗಳಿಗೆ ಸೂಜಿ ಚುಚ್ಚಿ ವಿದ್ಯುತ್ಪರೀಕ್ಷೆಯನ್ನು ಮಾಡಿ ಹೆಸರನ್ನು ಹೇಳಿದರು: ಮೋಟಾರ್ ನ್ಯೂರಾನ್ ವ್ಯಾಧಿ.

ನಮ್ಮ ಮಿದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಸ್ನಾಯುಗಳಿಗೆ ಆಜ್ಞೆಯನ್ನು ಕಳುಹಿಸುವ ನರಕೋಶಗಳು ಇರುವವಷ್ಟೆ. ಅವು ಒಂದೊಂದಾಗಿ ಸಾಯುತ್ತ ಬರುವದೇ ಈ ವ್ಯಾಧಿ. ಆಜ್ಞೆ ಬಾರದ ಸ್ನಾಯುವು ಕ್ಷೀಣಿಸುವದು. ಕೆಲವರಿಗೆ ಕೈಯಿಂದ, ಕೆಲವರಿಗೆ ಕಾಲಿನಿಂದ, ನಾಲ್ವರಲ್ಲಿ ಒಬ್ಬರಿಗೆ ನಾಲಗೆ ಗಂಟಲುಗಳಿಂದ ಅದು ಮೊದಲಾಗುವದು. ಎಲ್ಲಿಂದ ಮೊದಲಾದರೂ ಕಡೆಗೆ ಉಸಿರಾಡುವ ಸ್ನಾಯುಗಳನ್ನು ಮುಟ್ಟುವದು. ಕಣ್ಣು, ಕಿವಿ, ಸ್ಪರ್ಶಜ್ಞಾನ ಇವು ಉಳಿಯುತ್ತವೆ. ಕೆಲವರಲ್ಲಿ ಬುದ್ಧಿ ಸ್ವಭಾವಗಳಲ್ಲಿಯೂ ವ್ಯತ್ಯಾಸ ಕಾಣುವದುಂಟು, ಅಕ್ಕನವರಲ್ಲಿ ಹಾಗಾಗಲಿಲ್ಲ. ಪ್ಯಾರಿಸಿನ ಶಾರ್ಕೋ ಎಂಬ ವೈದ್ಯರು 1869ರಲ್ಲಿಯೇ ಇದನ್ನು ವರ್ಣಿಸಿದರು. ಆ ಮೇಲೆ ಒಂದೂವರೆ ಶತಮಾನ ಕಳೆದರೂ ಇದನ್ನು ಗುಣಪಡಿಸುವ ಔಷಧವಿಲ್ಲ. 1995ರಲ್ಲಿ ಬಂದ ರಿಲುಜೋಲ್ ಎಂಬ ಮಾತ್ರೆಯು ಆಯುಷ್ಯವನ್ನು ಕೆಲವು ತಿಂಗಳಷ್ಟು ಹೆಚ್ಚಿಸಬಲ್ಲದು. 2023ರಲ್ಲಿ ಅಮೇರಿಕೆಯಲ್ಲಿ ಅನುಮತಿ ಪಡೆದ ಒಂದು ಹೊಸ ಔಷಧವು ಒಂದೇ ಒಂದು ಬಗೆಯ ಆನುವಂಶಿಕ ದೋಷವಿರುವ ಸ್ವಲ್ಪ ಮಂದಿಗೆ ಮಾತ್ರ ಸಲ್ಲುವದು. ಮೊದಲ ಲಕ್ಷಣ ಕಂಡಂದಿನಿಂದ ಮೂರು ನಾಲ್ಕು ವರುಷಗಳೇ ಹೆಚ್ಚಿನವರ ಆಯುಷ್ಯ.

ಇದನ್ನು ಕೇಳಿ ನೋಡಲು ಬಂದವರೆಲ್ಲರೂ ಸ್ಟೀಫನ್ ಹಾಕಿಂಗರ ಕಥೆಯನ್ನು ಹೇಳಿದರು. ಆ ವಿಜ್ಞಾನಿಗೆ 1963ರಲ್ಲಿ, 21ನೆಯ ವಯಸ್ಸಿನಲ್ಲಿ, ಈ ವ್ಯಾಧಿಯೆಂದು ತಿಳಿದು, 2018ರ ವರೆಗೂ ಅವರು ಬದುಕಿದ್ದು ನಿಜವೇ. ಮದರಾಸಿನ ವೈದ್ಯರು 1970ರಲ್ಲಿ ವರ್ಣಿಸಿದ, ದಕ್ಷಿಣ ಭಾರತದ ಎಳೆಯರಲ್ಲಿ ಕಂಡುಬಂದು ಮೆಲ್ಲಮೆಲ್ಲನೆ ಸಾಗುವ ಒಂದು ಬಗೆಯೂ ಉಂಟು. ಆದರೆ 67 ವರುಷದ ಅಕ್ಕನವರದು ಅಂಥದಲ್ಲವೆಂದು ವೈದ್ಯರು ಸ್ಪಷ್ಟವಾಗಿಯೇ ಹೇಳಿದ್ದರು. ನಾನು ಮಾತ್ರ ಹಾಕಿಂಗರನ್ನು ಬಿಡಲಿಲ್ಲ.

ಇನ್ನು ನನ್ನ ತಪ್ಪು. ಹೆಸರು ಹೇಳಿದ ದಿನವೇ ಆ ತಜ್ಞರು, “ನಾವು ನೋಡುತ್ತೇವೆ, ನಮ್ಮೊಡನೆ ಪ್ಯಾಲಿಯೇಟಿವ್ ವಿಭಾಗದವರೂ ಇಂದಿನಿಂದಲೇ ನೋಡಲಿ,” ಎಂದರು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಉಪಶಾಮಕ ವೈದ್ಯಕ್ಕೆಂದೇ ಒಂದು ವಿಭಾಗವಿದೆ. ನಮ್ಮ ಸಂಬಂಧಿಕರೊಬ್ಬರು ಕ್ಯಾನ್ಸರಿನಿಂದ ತೀರಿಕೊಳ್ಳುವದಕ್ಕೆ ಹತ್ತು ದಿನ ಮೊದಲು ಆ ಶಬ್ದವನ್ನು ನಾನು ಕೇಳಿದ್ದೆ. ನನ್ನ ಪಾಲಿಗೆ ಅದಕ್ಕೆ ಒಂದೇ ಅರ್ಥವಿತ್ತು. “ಅಷ್ಟಕ್ಕೆ ಇನ್ನೂ ಬಂದಿಲ್ಲ, ಡಾಕ್ಟ್ರೇ,” ಎಂದು ಶಾಲೆಯಲ್ಲಿ ಪೋಷಕರಿಗೆ ಉತ್ತರ ಕೊಡುವ ಧ್ವನಿಯಲ್ಲಿಯೇ ಹೇಳಿ ಚೀಟಿಯನ್ನು ಮಡಚಿ ಚೀಲದಲ್ಲಿಟ್ಟೆ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅಕ್ಕನವರು, “ಮತ್ತೇನಂದರು, ಮಗಾ?” ಎಂದು ಕೇಳಿದರು. “ವ್ಯಾಯಾಮಕ್ಕೆ ಬರಹೇಳಿದರು,” ಎಂದೆ. ಪ್ರತಿದಿನ ಬೆಳಿಗ್ಗೆ ಮಕ್ಕಳಿಗೆ ಸತ್ಯವನ್ನು ಬೋಧಿಸತಕ್ಕವಳು ನಾನು.

ಉಪಶಾಮಕ ಶುಶ್ರೂಷೆಯೆಂದರೆ ಏನೆಂಬದನ್ನು ನಾನು ಆ ಮೇಲೆ ಕಲಿತೆ. ಪ್ಯಾಲಿಯೇಟಿವ್ ಎಂಬ ಶಬ್ದದ ಮೂಲವು ಮೇಲುಹೊದಿಕೆಯನ್ನು ಸೂಚಿಸುವ ಒಂದು ಲ್ಯಾಟಿನ್ ಪದ. ರೋಗವನ್ನು ತೆಗೆಯಲಾಗದಿದ್ದರೂ ರೋಗಿಯನ್ನು ಚಳಿಯಲ್ಲಿ ಬಿಡದಿರುವದು ಅದರ ಭಾವ. 1970ರ ದಶಕದಲ್ಲಿ ಕೆನಡಾದ ಬಾಲ್ಫರ್ ಮೌಂಟ್ ಎಂಬ ವೈದ್ಯರು ಈ ಹೆಸರನ್ನು ಬಳಕೆಗೆ ತಂದರು. ಕೆಲಸವು ಅದಕ್ಕಿಂತ ಹಿಂದಿನದು. ದಾದಿಯಾಗಿಯೂ ಸಮಾಜಸೇವಕಿಯಾಗಿಯೂ ದುಡಿದು, ಬಳಿಕ ವೈದ್ಯವಿದ್ಯೆಯನ್ನು ಕಲಿತ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆಯು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆಶ್ರಯವನ್ನು ತೆರೆದಳು. ಅಲ್ಲಿ ಆರಂಭದಿಂದಲೇ ಕ್ಯಾನ್ಸರ್ ರೋಗಿಗಳ ಜೊತೆಗೆ ಮೋಟಾರ್ ನ್ಯೂರಾನ್ ವ್ಯಾಧಿಯವರಿಗೂ ಹಾಸಿಗೆಗಳಿದ್ದವು. ನಮ್ಮ ದೇಶದಲ್ಲಿ 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ ಸದನವೂ, 1999ರಲ್ಲಿ ಬೆಂಗಳೂರಿನ ಕರುಣಾಶ್ರಯದ ಕಟ್ಟಡವೂ ತೆರೆದದ್ದು ಕ್ಯಾನ್ಸರಿನವರಿಗೋಸ್ಕರ. ಆದುದರಿಂದಲೇ ಈ ಶುಶ್ರೂಷೆಯೆಂದರೆ ಕ್ಯಾನ್ಸರಿನ ಕಡೆಯ ವಾರವೆಂದು ನನ್ನಂಥವರ ತಲೆಯಲ್ಲಿ ಕುಳಿತುಬಿಟ್ಟಿದೆ. ನೆರೆಯ ಕಲ್ಲಿಕೋಟೆಯಲ್ಲಿ 1993ರಲ್ಲಿ ಇಬ್ಬರು ವೈದ್ಯರೂ ಅವರ ಗೆಳೆಯರೂ ಆರಂಭಿಸಿದ ಕೆಲಸವು ಮನೆಮನೆಗೂ ನಡೆದುಹೋಗಿ, ನೆರೆಹೊರೆಯವರಿಗೇ ಆರೈಕೆಯನ್ನು ಕಲಿಸಿತು. ನಮ್ಮ ಉಡುಪಿಯಲ್ಲಿಯೂ 1923ರಲ್ಲಿ ಡಾ. ಇವಾ ಲೋಂಬಾರ್ಡ್ ಎಂಬ ಸ್ವಿಸ್ ವೈದ್ಯೆಯು ಮಿಶನ್ ಆಸ್ಪತ್ರೆಯನ್ನು ತೆರೆದ ಕಾಲದಲ್ಲಿ ಗುಣವಾಗುವ ರೋಗಗಳಿಗಿಂತ ಗುಣವಾಗದವೇ ಹೆಚ್ಚಾಗಿದ್ದುವಷ್ಟೆ. ಆಗಿನ ದಾದಿಯರು ಈ ಶಬ್ದವನ್ನು ಕೇಳದೆಯೇ ಈ ಕೆಲಸವನ್ನು ಮಾಡಿರಬೇಕೆಂದು ನನಗೆ ತೋರುವದು.

ಬೇಗನೆ ಕೂಡಿಸಿಕೊಂಡರೆ ಪ್ರಯೋಜನವುಂಟೇ? 2010ರಲ್ಲಿ ಅಮೇರಿಕೆಯ ವೈದ್ಯರು ಶ್ವಾಸಕೋಶದ ಕ್ಯಾನ್ಸರಿನವರನ್ನು ಎರಡು ಗುಂಪು ಮಾಡಿ ನೋಡಿದರು. ಮೊದಲಿನಿಂದಲೇ ಉಪಶಾಮಕ ಶುಶ್ರೂಷೆ ದೊರಕಿದವರು ಹೆಚ್ಚು ನೆಮ್ಮದಿಯಿಂದ ಇದ್ದುದಲ್ಲದೆ ಹೆಚ್ಚು ತಿಂಗಳೂ ಬದುಕಿದರು. ಅದು ಬೇರೆ ರೋಗವೆಂಬದು ಸರಿಯೇ. ಆದರೆ ಮಾತನ್ನೂ ನುಂಗುವಿಕೆಯನ್ನೂ ಉಸಿರನ್ನೂ ಒಂದೊಂದಾಗಿ ಕಸಿಯುವ ವ್ಯಾಧಿಯಲ್ಲಿ ತಡಮಾಡುವದು ಎಷ್ಟು ಹೆಚ್ಚಿನ ನಷ್ಟವೆಂಬದಕ್ಕೆ ನನಗೆ ಅಧ್ಯಯನವು ಬೇಕಾಗಿಲ್ಲ.

ಏಳು ತಿಂಗಳು ಆ ಚೀಟಿಯು ನನ್ನ ಚೀಲದಲ್ಲಿಯೇ ಇತ್ತು. ಕ್ರಿಸ್ಮಸ್ಸಿನ ಹೊತ್ತಿಗೆ ಅಕ್ಕನವರ ಮಾತು ತೊದಲಿತು. ಮಾರ್ಚಿಯಲ್ಲಿ ತಮ್ಮನ ಹೆಂಡತಿಗೆ ಮಾತ್ರ ತಿಳಿಯುತ್ತಿತ್ತು. ಆ ಮೇಲೆ ಅವಳಿಗೂ ಇಲ್ಲ. ತಿಳಿನೀರು ಗಂಟಲಲ್ಲಿ ಸಿಕ್ಕಿ ಕೆಮ್ಮು ಏಳುತ್ತಿತ್ತು. ಇರುಳು ನಿದ್ದೆಯಿಲ್ಲ, ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ. ಉಸಿರು ಸಾಲದೆಂದು ಎಣಿಸಿ ನಾವು ಯಾರನ್ನೂ ಕೇಳದೆ ಆಮ್ಲಜನಕದ ಯಂತ್ರವೊಂದನ್ನು ಬಾಡಿಗೆಗೆ ತಂದೆವು. 2023ರ ಮಾರ್ಚಿಯ ಕಡೆಯ ವಾರದ ಒಂದು ರಾತ್ರಿ ಅವರು ಕೆಮ್ಮಿ ನೀಲಿಯಾದದ್ದನ್ನು ಕಂಡು, ಮರುದಿನ ಆ ಚೀಟಿಯನ್ನು ಹಿಡಿದು ಮಣಿಪಾಲಕ್ಕೆ ಓಡಿದೆ. ಏಳು ತಿಂಗಳ ಹಿಂದಿನ ತಾರೀಖನ್ನು ನೋಡಿ ಅಲ್ಲಿನ ವೈದ್ಯೆ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಅವರು ಮಾಡಿದ ಮೊದಲ ಕೆಲಸ ನನಗೆ ಆಶ್ಚರ್ಯವೆನಿಸಿತು. ಮನೆಗೆ ಬಂದ ದಾದಿಯು ರೋಗಿಯನ್ನು ನೋಡುವದಕ್ಕೆ ಮುಂಚೆ ತಮ್ಮನ ಹೆಂಡತಿಯ ಕೈ ಹಿಡಿದು, “ನೀವು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತು?” ಎಂದು ಕೇಳಿದಳು. ಹಗಲು ಬೀಡಿ ಕಟ್ಟಿ, ಇರುಳು ಗಂಟೆಗೊಮ್ಮೆ ಎದ್ದು ಅಕ್ಕನವರನ್ನು ಮಗ್ಗುಲು ಹೊರಳಿಸುತ್ತಿದ್ದ ಆ ಹೆಂಗಸನ್ನು ಅದುವರೆಗೆ ನಾನೂ ಹಾಗೆ ಕೇಳಿದ್ದಿಲ್ಲ. ಅವಳು ಬೀಡಿಯ ಮೊರವನ್ನು ಬದಿಗಿಟ್ಟು ಅತ್ತುಬಿಟ್ಟಳು. ಅಂದಿನಿಂದ ವಾರಕ್ಕೆ ಎರಡು ರಾತ್ರಿ ನಾನೂ ನನ್ನ ತಂಗಿಯೂ ಕಾಪುವಿನಲ್ಲಿ ಮಲಗುವದೆಂದು ಏರ್ಪಾಡಾಯಿತು.

ಆಮ್ಲಜನಕದ ಯಂತ್ರವು ಹಿಂದಕ್ಕೆ ಹೋಯಿತು. ಈ ವ್ಯಾಧಿಯಲ್ಲಿ ಪುಪ್ಪುಸವು ಕೆಟ್ಟಿರುವದಿಲ್ಲ, ಅದನ್ನು ಬೀಸುವ ಸ್ನಾಯುಗಳು ದಣಿದಿರುವವು. ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗದಿರುವಾಗ ಬರಿಯ ಆಮ್ಲಜನಕವನ್ನು ಊದಿದರೆ ಮಂಪರು ಹೆಚ್ಚುವದೆಂದು ತಿಳಿಸಿ, ಮುಖಕವಚದ ಮೂಲಕ ಉಸಿರಿಗೆ ಒತ್ತಾಸೆ ಕೊಡುವ ಬೈಪ್ಯಾಪ್ ಎಂಬ ಯಂತ್ರವನ್ನು ಇರುಳಿಗೆ ಹಾಕಿಸಿದರು. ಅದು ಆಯುಷ್ಯವನ್ನೂ ನೆಮ್ಮದಿಯನ್ನೂ ಹೆಚ್ಚಿಸುವದೆಂದು 2006ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲಿನವರು ತೋರಿಸಿಕೊಟ್ಟಿದ್ದಾರೆ. ಗಂಟಲಿನ ಸ್ನಾಯುಗಳು ತೀರ ಕೆಟ್ಟವರಿಗೆ ಲಾಭವು ಅಷ್ಟಾಗಿ ಇಲ್ಲವೆಂಬದನ್ನೂ. ಮಳೆಗಾಲದಲ್ಲಿ ವಿದ್ಯುತ್ತು ಹೋದಾಗ ಏನು ಗತಿಯೆಂದು ಒಂದು ಇನ್ವರ್ಟರ್ ಕೊಂಡೆವು. ಅದರ ಹಣವನ್ನು 1996ರ ಎಸ್ಸೆಸ್ಸೆಲ್ಸಿ ತಂಡದವರು ಕೊಟ್ಟರು, ಹೆಸರು ಹಾಕಬಾರದೆಂದಿದ್ದಾರೆ.

ಊಟದ ಪಾಠವು ನಮ್ಮ ಅಡಿಗೆಮನೆಯ ನಂಬಿಕೆಯನ್ನೇ ತಲೆಕೆಳಗು ಮಾಡಿತು. ಕಾಯಿಲೆಯವರಿಗೆ ಗಂಜಿಯೆಂದಲ್ಲವೇ ನಮ್ಮ ರೂಢಿ? ಅಗುಳೂ ತಿಳಿಯೂ ಬೇರೆಬೇರೆಯಾಗಿರುವ ಕುಚ್ಚಲಕ್ಕಿಯ ಗಂಜಿಯೇ ಇಂಥವರಿಗೆ ಕಷ್ಟದ್ದು. ಬಾಯಿ ಎರಡನ್ನೂ ಒಟ್ಟಿಗೆ ಸಂಭಾಳಿಸಲಾರದು. ನುಣ್ಣಗೆ ಅರೆದು, ಚಮಚದಿಂದ ಜಾರದಷ್ಟು ದಪ್ಪವಾಗಿರಬೇಕು. ರಾಗಿಯ ಮಣ್ಣಿಯು ಒಪ್ಪಿತು. ಗಲ್ಲವನ್ನು ಎದೆಯ ಕಡೆಗೆ ಬಾಗಿಸಿ ನುಂಗುವದನ್ನು ಮಾತು ಮತ್ತು ನುಂಗುವಿಕೆಯ ಚಿಕಿತ್ಸಕಿಯು ಕಲಿಸಿದಳು. ಸುರಿಯುವ ಜೊಲ್ಲಿಗೂ, ಕಾರಣವಿಲ್ಲದೆ ಉಕ್ಕುವ ಅಳು ನಗೆಗಳಿಗೂ ಮಾತ್ರೆಗಳಿದ್ದವು. (ಒಬ್ಬರ ಉತ್ತರಕ್ರಿಯೆಯ ಪ್ರಾರ್ಥನೆಯಲ್ಲಿ ಅಕ್ಕನವರು ನಕ್ಕುಬಿಟ್ಟು ಎಲ್ಲರೂ ತಿರುಗಿ ನೋಡಿದ್ದರು. ಅದು ವ್ಯಾಧಿಯ ಚೇಷ್ಟೆಯೆಂದು ತಿಳಿಯದೆ ನಾನೂ ಒಂದು ವಾರ ಮುನಿಸಿಕೊಂಡಿದ್ದೆ.) ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಆಹಾರದ ನಳಿಗೆಯನ್ನಿಡುವ ಉಪಾಯವೊಂದಿದೆ. ಉಸಿರಿನ ಬಲವು ಅರ್ಧಕ್ಕಿಳಿಯುವ ಮುನ್ನ ಅದನ್ನು ಮಾಡಿಸಿಕೊಂಡರೆ ಕ್ಷೇಮ. ಅಕ್ಕನವರ ಬಲವು ಅದನ್ನು ದಾಟಿ ಇಳಿದಿತ್ತು. ಆಗಸ್ಟಿನಲ್ಲಿ ಬಂದಿದ್ದರೆ ಬೇಕೋ ಬೇಡವೋ ಎಂದು ಅವರೇ ಬಾಯಾರೆ ಹೇಳಬಹುದಿತ್ತು.

ಈಗ ಹೇಳುವ ಬಗೆ ಹೇಗೆ? ಅಕ್ಷರ ಫಲಕ ಮಾಡಿರೆಂದು ಚಿಕಿತ್ಸಕಿಯು ಹೇಳಿದಳು. ಅದು ನನ್ನ ಕಸುಬು. ಒಂದು ರಟ್ಟಿನ ಮೇಲೆ ವರ್ಣಮಾಲೆಯನ್ನು ಬರೆದೆ: ಸ್ವರಗಳದೊಂದು ಸಾಲು, ಕ, ಚ, ಟ, ತ, ಪ ವರ್ಗಗಳ ಐದು ಸಾಲು, ಉಳಿದ ವ್ಯಂಜನಗಳಿಗೆ ಎರಡು. ನಾವು ಸಾಲುಗಳನ್ನು ಮೊದಲಿನಿಂದ ಹೇಳುತ್ತ ಬರುವದು. ಬೇಕಾದ ಸಾಲು ಬಂದಾಗ ಅಕ್ಕನವರು ಕಣ್ಣನ್ನು ಮೇಲೆತ್ತುವದು. ತರುವಾಯ ಆ ಸಾಲಿನ ಅಕ್ಷರಗಳನ್ನು ಒಂದೊಂದಾಗಿ ಹೇಳುವದು. ನಮ್ಮ ಹಿರಿಯರು ಅಕ್ಷರಗಳನ್ನು ವರ್ಗವರ್ಗವಾಗಿ ಜೋಡಿಸಿಟ್ಟ ಉಪಕಾರವು ನನಗೆ ಅಂದು ಗೊತ್ತಾಯಿತು. ಗುಣಿತಾಕ್ಷರಗಳೂ ಒತ್ತಕ್ಷರಗಳೂ ಮಾತ್ರ ಬಹಳ ದಣಿವಿನವು. ಅವುಗಳನ್ನು ಬಿಟ್ಟು ಬರಿಯ ವ್ಯಂಜನಗಳಲ್ಲಿಯೇ ಆಡುವದೆಂದು ಒಪ್ಪಂದವಾಯಿತು.

ಎಪ್ರಿಲಿನ ಕಡೆಯಲ್ಲಿ ಒಂದು ಮಧ್ಯಾಹ್ನ, ನಾನೊಬ್ಬಳೇ ಬಳಿಯಲ್ಲಿದ್ದಾಗ, ಅವರು ಕಣ್ಣಿನಿಂದ ಫಲಕವನ್ನು ಕೇಳಿದರು. ಮೊದಲನೆಯ ಅಕ್ಷರ ‘ಸ’. ಎರಡನೆಯದು ‘ಕ’. ಅಷ್ಟಕ್ಕೆ ಕಣ್ಣು ಮುಚ್ಚಿದರು.

ಸಾಕು.

ನನ್ನ ಕೈಯಲ್ಲಿದ್ದ ರಟ್ಟು ನಡುಗಿತು. ಯಾವದು ಸಾಕು? ಯಂತ್ರವೋ, ಊಟವೋ, ಜೀವವೋ? ಇದನ್ನು ನಾಲಗೆಯಿದ್ದಾಗ ನಾನು ಕೇಳಲಿಲ್ಲವಲ್ಲಾ ಎಂದು ಅವರ ಕಾಲ ಬಳಿ ಕುಳಿತು ಅತ್ತೆ. ಚೀಟಿಯ ವಿಷಯವನ್ನೂ, ವ್ಯಾಯಾಮವೆಂದು ಹೇಳಿದ ಸುಳ್ಳನ್ನೂ ಒಪ್ಪಿಕೊಂಡೆ. ಅವರು ನನ್ನನ್ನು ಬಹಳ ಹೊತ್ತು ನೋಡಿ ಮತ್ತೆ ಫಲಕವನ್ನು ಕೇಳಿದರು. ‘ಗ’. ‘ತ’. ಗೊತ್ತು. ಮೊದಲಿನಿಂದಲೂ ಗೊತ್ತಿತ್ತಂತೆ. ಮತ್ತೆ ‘ಸ’, ಮತ್ತೆ ‘ಕ’. ಈ ಸಾರಿ ಕಣ್ಣುಗಳು ಮಾಡಿನ ಕಡೆಗೆ ಹೋಗಿ ಅಲ್ಲಿಯೇ ನಿಂತವು. ಮಾಡಿನಲ್ಲಿ ಪಂಖವಿತ್ತು. ಅದನ್ನು ಯಾರೋ ನಿಲ್ಲಿಸಿದ್ದರು. ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

ಸೆಕೆ!

ನಾನು ಎದ್ದು ಪಂಖವನ್ನು ಹಾಕಿದೆ. ಆಗ ಅವರಿಗೆ ಬಂದ ನಗೆಯು ವ್ಯಾಧಿಯದಲ್ಲ, ಅವರದೇ.

ಇದನ್ನು ಮುಂದಿನ ಸಾರಿ ಬಂದ ವೈದ್ಯೆಗೆ ನಾಚುತ್ತ ಹೇಳಿದೆ. ಆಕೆ ನಗಲಿಲ್ಲ. “ಒಂದು ಕಾಗುಣಿತದ ಮೇಲೆ ಒಬ್ಬರ ಜೀವದ ತೀರ್ಮಾನ ನಿಲ್ಲಬಾರದು, ಈಗಲೇ ಕೂತು ಎಲ್ಲವನ್ನೂ ಕೇಳಿ ಬರೆದಿಡೋಣ,” ಎಂದಳು. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು, ಮನುಷ್ಯನು ತನ್ನ ಕಡೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವದು ಬೇಡ ಎಂಬದನ್ನು ಮುಂಗಡವಾಗಿ ಬರೆದಿಡಬಹುದೆಂದು ತೀರ್ಪಿತ್ತಿದೆ. ಮೊದಲಿದ್ದ ನಿಯಮವು ತೀರ ತೊಡಕಾಗಿತ್ತು. 2023ರ ಜನವರಿಯಲ್ಲಿ ಅದನ್ನು ಸುಲಭಪಡಿಸಿ, ಇಬ್ಬರು ಸಾಕ್ಷಿಗಳ ಎದುರಿನಲ್ಲಿ ರುಜುಮಾಡಿ ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯ ದೃಢೀಕರಣ ಪಡೆದರೆ ಸಾಕೆಂದು ಮಾಡಿದರು. ನಮ್ಮ ಕರ್ನಾಟಕ ಸರಕಾರವು 2025ರ ಜನವರಿ 30ರಂದು ಇದನ್ನು ಆಸ್ಪತ್ರೆಗಳಲ್ಲಿ ನಡೆಸುವ ಕ್ರಮವನ್ನು ತಿಳಿಸುವ ಸುತ್ತೋಲೆಯನ್ನು ಹೊರಡಿಸಿತು. ಇದಕ್ಕೋಸ್ಕರ ಬಹುಕಾಲ ಹೋರಾಡಿದವರಲ್ಲಿ ದಾವಣಗೆರೆಯ ಎಚ್. ಬಿ. ಕರಿಬಸಮ್ಮನವರೊಬ್ಬರು, ಅವರೂ ನಿವೃತ್ತ ಶಿಕ್ಷಕಿಯೆಂಬದನ್ನು ಓದಿ ನನಗೆ ಆಶ್ಚರ್ಯವಾಗಲಿಲ್ಲ.

2023ರ ಜೂನಿನಲ್ಲಿ ಮೂರು ಸಾಯಂಕಾಲ ಕುಳಿತು ಅಕ್ಕನವರನ್ನು ಕೇಳಿದೆವು. ಹೌದು ಅಲ್ಲ ಎಂಬ ಉತ್ತರ ಬರುವಂತೆ ಪ್ರಶ್ನೆಗಳನ್ನು ವೈದ್ಯೆಯೇ ಜೋಡಿಸಿಕೊಂಡು ಬಂದಿದ್ದಳು, ಪ್ರತಿಯೊಂದನ್ನೂ ತಿರುಗುಮುರುಗಾಗಿ ಎರಡು ಸಾರಿ ಕೇಳಿದಳು. ಇರುಳಿನ ಮುಖಕವಚ ಬೇಕು. ಗಂಟಲನ್ನು ಕೊಯ್ದು ಯಂತ್ರಕ್ಕೆ ಕಟ್ಟುವದು ಬೇಡ. ನಳಿಗೆ ಬೇಡ. ತೀವ್ರ ನಿಗಾ ಘಟಕ ಬೇಡ. ಕಾಪುವಿನ ಮನೆಯೇ ಬೇಕು. ಏದುಸಿರಿಗೆ ಮಾರ್ಫೀನು ಆಗಬಹುದು. ಜುಲೈಯಲ್ಲಿ ನೋಟರಿಯವರು ಮನೆಗೆ ಬಂದರು. ನೂರಾರು ಹುಡುಗಿಯರಿಗೆ ತಮ್ಮ ಹೆಸರನ್ನು ನೂಲಿನಲ್ಲಿ ಬರೆಯಲು ಕಲಿಸಿದವರು ಹೆಬ್ಬೆಟ್ಟನ್ನು ಒತ್ತಿಸಿಕೊಂಡರು. ನನ್ನ ಕಣ್ಣು ತುಂಬಿದ್ದನ್ನು ಕಂಡು ಫಲಕದಲ್ಲಿ, “ಗೆರೆ ಸರಿಯಿದೆಯೇ?” ಎಂದು ಕೇಳಿದರು.

ಮಾರ್ಫೀನೆಂದರೆ ನಾನು ಬೆಚ್ಚಿದವಳೇ. ಮಧ್ಯಪ್ರದೇಶ ರಾಜಸ್ಥಾನಗಳಲ್ಲಿ ಸರಕಾರದ ಅಪ್ಪಣೆಯಿಂದ ಅಫೀಮು ಬೆಳೆಯುವ ನಮ್ಮ ದೇಶದಲ್ಲಿ, 1985ರ ಕಾಯಿದೆಯ ಬಿಗಿಯಿಂದ ನೋವಿನವರಿಗೆ ಮಾರ್ಫೀನು ಸಿಕ್ಕದೆ ಹೋಗಿತ್ತು. 2014ರಲ್ಲಿ ಕಾಯಿದೆಯನ್ನು ತಿದ್ದಿದ ಮೇಲೆ ದಾರಿ ಸ್ವಲ್ಪ ಸಡಿಲವಾಯಿತು. ವೈದ್ಯರು ಅಳೆದು ಕೊಡುವ ಸಣ್ಣ ಪ್ರಮಾಣವು ಏದುಸಿರಿನ ದಿಗಿಲನ್ನು ಇಳಿಸುವದೇ ಹೊರತು ಉಸಿರನ್ನು ಕೊಲ್ಲುವದಿಲ್ಲವೆಂಬದನ್ನು ನಾನು ಕಣ್ಣಾರೆ ಕಂಡೆ. ಇನ್ನೊಂದು ಭಯವೂ ನಮ್ಮೆಲ್ಲರಲ್ಲಿತ್ತು: ಕಡೆಗೆ ಉಸಿರುಕಟ್ಟಿ ಒದ್ದಾಡಿ ಸಾಯುವರೋ? ಜರ್ಮನಿ ಮತ್ತು ಬ್ರಿಟನ್ನುಗಳ ರೋಗಿಗಳ ಕಡೆಯ ಗಳಿಗೆಗಳನ್ನು ಕುರಿತು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಹುಮಂದಿಯ ಮರಣವು ಶಾಂತವಾಗಿಯೇ ಇತ್ತೆಂದೂ, ಹಾಗೆ ಉಸಿರುಕಟ್ಟಿ ಸತ್ತವರು ಇರಲಿಲ್ಲವೆಂದೂ ವೈದ್ಯೆ ತಿಳಿಸಿದಳು. ಅಕ್ಕನವರು ಆ ಮಾತನ್ನು ಎರಡು ಸಾರಿ ಹೇಳಿಸಿ ಕೇಳಿದರು. ಅಂದು ರಾತ್ರಿ ಮಾತ್ರೆಯಿಲ್ಲದೆ ಮಲಗಿದರು.

ಅದೇ ಮಳೆಗಾಲದಲ್ಲಿ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರು ವರ್ಣಮಾಲೆಯನ್ನು ದಪ್ಪ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ಚಿನಲ್ಲಿ ಹೊಲಿದು ಕಾಪುವಿಗೆ ತಂದರು. ಅಕ್ಕನವರು ಅದನ್ನು ಸಾಲುಸಾಲಾಗಿ ನೋಡುತ್ತ ಬಂದು ‘ಣ’ಕಾರದ ಮೇಲೆ ಕಣ್ಣು ನಿಲ್ಲಿಸಿದರು. ಅಲ್ಲಿ ಎರಡು ಹೊಲಿಗೆ ತಿರುಗಾಮುರುಗಾ ಬಿದ್ದಿದ್ದವು. ಹುಡುಗಿಯೊಬ್ಬಳು ಅಲ್ಲಿಯೇ ಕುಳಿತು ಬಿಚ್ಚಿ ಹೊಲಿದಳು.

2024ರ ಜನವರಿಯ ಒಂದು ನಸುಕಿನಲ್ಲಿ ಅವರು ತೀರಿಕೊಂಡರು. ಆ ರಾತ್ರಿ ನನ್ನ ಸರದಿಯಾಗಿತ್ತು. 1901ರಿಂದ ಉರಿಯುತ್ತಿರುವ ಕಾಪುವಿನ ದೀಪದ ಬೆಳಕು ಕಿಟಿಕಿಯನ್ನು ಸವರಿ ಸವರಿ ಹೋಗುತ್ತಿತ್ತು. ಎರಡು ದಿನಗಳಿಂದ ಮಂಪರು ಹೆಚ್ಚಿತ್ತು. ಏನು ಮಾಡಬೇಕು, ಯಾರಿಗೆ ಫೋನು ಮಾಡಬೇಕು, ಯಾವ ಔಷಧ ಎಷ್ಟು ಎಂಬದನ್ನು ದಾದಿಯು ಬರೆದು ಗೋಡೆಗೆ ಅಂಟಿಸಿದ್ದಳು. ನಾವು ಆಂಬುಲೆನ್ಸನ್ನು ಕರೆಯಲಿಲ್ಲ. ತಮ್ಮನ ಹೆಂಡತಿಯು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಒಂದು ಉಸಿರಿಗೂ ಮುಂದಿನದಕ್ಕೂ ನಡುವೆ ಹೊತ್ತು ಹೆಚ್ಚುತ್ತ ಹೋಗಿ, ಮುಂದಿನದು ಬರಲಿಲ್ಲ. ಒಂದು ತಿಂಗಳಾದ ಮೇಲೆ ಅದೇ ದಾದಿಯು ಬಂದು ತಮ್ಮನ ಹೆಂಡತಿಯ ಬಳಿ ಒಂದು ತಾಸು ಕುಳಿತುಹೋದಳು. ಅದೂ ಈ ಶುಶ್ರೂಷೆಯ ಒಂದು ಭಾಗವಂತ ಹೇಳಿದಳು.

ನಾನು ಇದನ್ನು ಇಲ್ಲಿಗೇ ನಿಲ್ಲಿಸಬೇಕೆಂದಿದ್ದೆ. ಆದರೆ ಅದೇ ವರುಷದ ಜುಲೈಯಲ್ಲಿ ನಮ್ಮ ಹಾಸ್ಟೆಲಿನಲ್ಲಿರುವ, ಕಾರ್ಕಳದ ಕಡೆಯ ಒಬ್ಬ ಹುಡುಗಿಯು ನನ್ನ ಕೋಣೆಗೆ ಬಂದು ಮಾತನಾಡದೆ ನಿಂತಳು. ಅವಳ ತಂದೆಯು ಬಸ್ಸಿನ ಕಂಡಕ್ಟರು. ಟಿಕೇಟು ಹರಿಯಲು ಬೆರಳು ಬಾರದೆ ಕೆಲಸ ಬಿಟ್ಟಿದ್ದರು. ಮಣಿಪಾಲದಲ್ಲಿ ಹೆಸರು ಹೇಳಿದ್ದರು. ಉಪಶಾಮಕ ವಿಭಾಗಕ್ಕೆ ಚೀಟಿಯನ್ನೂ ಕೊಟ್ಟಿದ್ದರು. “ಅಪ್ಪ ಅಲ್ಲಿಗೆ ಹೋಗುವದಿಲ್ಲವಂತೆ, ಟೀಚರ್. ಅಲ್ಲಿಗೆ ಹೋದವರು ತಿರುಗಿ ಬರುವದಿಲ್ಲವಂತೆ.”

ಆ ಶನಿವಾರ ಮಧ್ಯಾಹ್ನದ ಬಸ್ಸಿಗೆ ಅವಳೊಡನೆ ಕಾರ್ಕಳಕ್ಕೆ ಹೋದೆ. ಹಿತವಚನವನ್ನೇನೂ ಹೇಳಲಿಲ್ಲ. ಅಕ್ಕನವರ ಸಂಗತಿಯನ್ನು, ಪಂಖದ ವರೆಗೂ, ಇದ್ದದ್ದು ಇದ್ದಹಾಗೆ ಹೇಳಿದೆ. ಅವರು ಕೇಳಿ, “ಹಾಗಾದರೆ ಆ ಅಮ್ಮ ಹೋಗುತ್ತ ಬರುತ್ತ ಎಷ್ಟು ದಿನ ಇದ್ದರು?” ಎಂದರು. “ಒಂಬತ್ತು ತಿಂಗಳ ಮೇಲೆ,” ಎಂದೆ. ಮುಂದಿನ ಮಂಗಳವಾರ ಅವರೇ ಮಗಳಿಗೆ ಫೋನು ಮಾಡಿ ಹೋಗಿಬಂದೆನೆಂದು ತಿಳಿಸಿದರಂತೆ. ಹೊಟ್ಟೆಯ ನಳಿಗೆಯನ್ನು ಬಲವಿರುವಾಗಲೇ ಇಡಿಸಿಕೊಂಡರು. ಬಾಯಿಂದ ತಿನ್ನಲಾಗುವದನ್ನು ಬಾಯಿಂದಲೂ ತಿನ್ನುತ್ತಿದ್ದಾರೆ. ಮುಂಗಡ ಪತ್ರಕ್ಕೆ ತಮ್ಮ ಕೈಯಿಂದಲೇ, ಸೊಟ್ಟಗಾದರೂ, ರುಜು ಹಾಕಿದ್ದಾರೆ.

ಧ್ವನಿ ಹೋಗುವ ಮುನ್ನ ಅದನ್ನು ಹಿಡಿದಿಡಿರೆಂದು ಅವರಿಗೂ ಹೇಳಿದ್ದರು. ಮಗಳು ತನ್ನ ತಾಯಿಯ ಫೋನಿನಲ್ಲಿ ಅದನ್ನು ಮಾಡಿದ್ದಾಳೆ, ನನಗೂ ಕೇಳಿಸಿದಳು. ಊಟವಾಯಿತೇ, ಓದಿಕೋ, ದೀಪ ಆರಿಸು, ಅಮ್ಮನನ್ನು ಕರೆ ಎಂದು ಮೊದಲಾದ ನಿತ್ಯದ ಮಾತುಗಳಿದ್ದವು. ಮಗಳನ್ನು ಮನೆಯಲ್ಲಿ ಕರೆಯುವ ಹೆಸರು ಐದಾರು ಬಗೆಯಲ್ಲಿ ಇತ್ತು. ಬಳಿಕ ಗಂಟಲನ್ನು ಸರಿಮಾಡಿಕೊಂಡ ಸದ್ದು, ಅದರ ಹಿಂದೆಯೇ, ಬಾಗಿಲಲ್ಲಿ ನೇತುಕೊಂಡು ಕೂಗುವ ಆ ಹಳೆಯ ಧ್ವನಿಯಲ್ಲಿ, “ಬೈಲೂರು, ಹಿರಿಯಡಕ, ಪರ್ಕಳ, ಮಣಿಪಾಲ, ಉಡುಪಿ! ಉಡುಪಿ, ಉಡುಪಿ, ಉಡುಪಿ! ಮುಂದೆ ಹೋಗಿ, ಒಳಗೆ ಜಾಗ ಉಂಟು!”